ಚೀಲದ ಮೇಲಿನ ಭಾಷೆ, ಗಿರಾಕಿಯ ಭಾಷೆ

ಸಿಂಧನೂರಿನ ಮಾರುಕಟ್ಟೆಯಲ್ಲಿ ಒಂದು ದಿನ ನಿಂತರೆ ನಾಲ್ಕು ಭಾಷೆಗಳು ಕಿವಿಗೆ ಬೀಳುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರದು ತೆಲುಗು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆನಿಂತವರದು ಬಂಗಾಳಿ. ನಿಜಾಮರ ಆಡಳಿತ ಭಾಷೆಯಾಗಿದ್ದ ಉರ್ದುವೂ ಇಲ್ಲಿದೆ. ಇವೆಲ್ಲಕ್ಕೂ ತಳಹದಿ ಕನ್ನಡ. ಲಿಂಗಸುಗೂರು, ಮಸ್ಕಿಗಳಲ್ಲಿಯೂ ವ್ಯವಹಾರದ ಮಾತು ಕನ್ನಡವೇ. ಆದರೆ ಅಂಗಡಿಯ ಪೊಟ್ಟಣವೊಂದನ್ನು ಕೈಗೆತ್ತಿಕೊಂಡರೆ ತೂಕ, ಬೆಲೆ, ಅವಧಿ ಬಹುಪಾಲು ಇಂಗ್ಲಿಷಿನಲ್ಲಿರುತ್ತವೆ.

ಇದಕ್ಕೆ ಕಾನೂನು ಅಡ್ಡಿಯೆಂಬ ಭಾವನೆ ವರ್ತಕರಲ್ಲಿದೆ, ಅದು ಸರಿಯಲ್ಲ. 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿರಬೇಕು. ಜೊತೆಗೆ ಬೇರೆ ಯಾವ ಭಾಷೆಯನ್ನಾದರೂ ಬಳಸಬಹುದು. ಆಹಾರ ಪದಾರ್ಥಗಳಿಗೆ ಸಂಬಂಧಿಸಿದ 2020ರ ನಿಬಂಧನೆಗಳ ನಿಲುವೂ ಇದೇ. ಕೀಟನಾಶಕಗಳ ವಿಷಯದಲ್ಲಿ 1971ರ ನಿಯಮಗಳು ಇನ್ನೂ ಮುಂದೆ ಹೋಗಿ, ಮಾರಾಟವಾಗುವ ಪ್ರದೇಶದ ಭಾಷೆಯಲ್ಲಿಯೂ ಮಾಹಿತಿ ಕೊಡಬೇಕೆನ್ನುತ್ತವೆ. ಡಬ್ಬಿಯ ಮೇಲಿನ ಬಣ್ಣ ವಿಷದ ತೀವ್ರತೆಯನ್ನು ಹೇಳೀತು. ಬೆರೆಸುವ ಪ್ರಮಾಣವನ್ನು ಅಕ್ಷರವೇ ಹೇಳಬೇಕು. ಹತ್ತಿಯ ಹೊಲದಲ್ಲಿ ಅದು ಜೀವದ ಪ್ರಶ್ನೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿಗಾಗಿ ರೂಪುಗೊಂಡ 2022ರ ಅಧಿನಿಯಮವೂ, ರಾಜ್ಯದಲ್ಲಿ ತಯಾರಾದ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿರಬೇಕೆಂಬ ಆಶಯವನ್ನು ಮುಂದಿಟ್ಟಿದೆ.

ಅಮೆರಿಕದ ಅನುಭವ ಗಮನಾರ್ಹವಾದುದು. ಅಲ್ಲಿನ 2020ರ ಜನಗಣತಿಯಲ್ಲಿ ಹಿಸ್ಪಾನಿಕ್ ಮೂಲದವರ ಸಂಖ್ಯೆ 6.2 ಕೋಟಿ. ಅವರನ್ನು ಸೆಳೆಯಲು ಆಹಾರ ಕಂಪನಿಗಳು ಸ್ಪ್ಯಾನಿಷ್ ಭಾಷೆಯನ್ನು ಬಳಸುತ್ತವೆ. ಆದರೆ ನಿಯಮ ಬಿಗಿಯಾದುದು: ಆಹಾರದ ಲೇಬಲ್ಲಿನಲ್ಲಿ ಬೇರೆ ಭಾಷೆಯ ಪ್ರಚಾರ ಇದ್ದರೆ, ಕಡ್ಡಾಯ ವಿವರಗಳೆಲ್ಲವೂ ಇಂಗ್ಲಿಷಿನೊಂದಿಗೆ ಆ ಭಾಷೆಯಲ್ಲಿಯೂ ಇರಬೇಕು. ಹೊಗಳಿಕೆ ಗಿರಾಕಿಯ ಭಾಷೆಯಲ್ಲಿ, ಎಚ್ಚರಿಕೆ ಮಾತ್ರ ಇನ್ನೊಂದು ಭಾಷೆಯಲ್ಲಿ ಎಂಬ ಜಾಣತನಕ್ಕೆ ಅಲ್ಲಿ ಅವಕಾಶವಿಲ್ಲ.

ನಮ್ಮ ಅಕ್ಕಿ ಗಿರಣಿಗಳಿಗೆ ಇದರಲ್ಲಿ ತೆರಿಗೆಯ ಅಂಶವೂ ಅಡಗಿದೆ. 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿಗೆ ಶೇಕಡಾ 5 ಜಿ.ಎಸ್.ಟಿ. ಅನ್ವಯಿಸಿತು, ಅದಕ್ಕೂ ಮೀರಿದ ಒಂಟಿ ಚೀಲಕ್ಕೆ ಇಲ್ಲ. ಹೀಗಾಗಿ 26 ಕಿಲೋ ಚೀಲ ಬಳಕೆಗೆ ಬಂದಿತು. ನನ್ನ ಕಕ್ಷಿದಾರರೊಬ್ಬರು ಹೊಸ ಚೀಲಗಳ ಇಂಗ್ಲಿಷ್ ಮುಖದಲ್ಲಿ 26 ಕಿಲೋ ಎಂದು ಮುದ್ರಿಸಿ, ತೆಲುಗು ಮುಖಕ್ಕೆ ಹಳೆಯ ಅಚ್ಚನ್ನೇ ಬಳಸಿದ್ದರು. ಅಲ್ಲಿ 25 ಉಳಿದಿತ್ತು. ತೆರಿಗೆ ಅಧಿಕಾರಿಗೆ ಯಾವ ಮುಖ ತೋರಿಸುವುದು? ಮುದ್ರಿತ ಚೀಲಗಳನ್ನೆಲ್ಲ ರದ್ದುಮಾಡಿ ನಷ್ಟ ಭರಿಸಬೇಕಾಯಿತು.

ಆದುದರಿಂದ ವರ್ತಕ ಬಾಂಧವರು ಮೂರು ಅಂಶಗಳನ್ನು ಪಾಲಿಸುವುದು ಒಳಿತು. ಕಡ್ಡಾಯ ವಿವರಗಳ ಜೊತೆಗೆ ಕನ್ನಡಕ್ಕೆ ಮೊದಲ ಸ್ಥಾನ ಕೊಟ್ಟು, ಗಿರಾಕಿಗಳನ್ನು ನೋಡಿ ತೆಲುಗು ಅಥವಾ ಬಂಗಾಳಿಯನ್ನು ಸೇರಿಸಬೇಕು. ಎಲ್ಲ ಭಾಷೆಗಳಲ್ಲಿಯೂ ಅಂಕಿಗಳು ಒಂದೇ ಆಗಿರಬೇಕು. ಅಚ್ಚಿಗೆ ಕೊಡುವ ಮುನ್ನ ಆ ಭಾಷೆ ಓದಬಲ್ಲವರಿಂದ ಕರಡು ತಿದ್ದಿಸಬೇಕು. ಇದಕ್ಕೆ ತಗಲುವ ವೆಚ್ಚ ಅಲ್ಪ. ಓದಿ ಅರ್ಥಮಾಡಿಕೊಂಡು ಕೊಂಡ ಗಿರಾಕಿ ಮರಳಿ ಅದೇ ಅಂಗಡಿಗೆ ಬರುತ್ತಾನೆ. ಜಮಾ-ಖರ್ಚಿನ ಪುಸ್ತಕದಲ್ಲಿ ಅದಕ್ಕೆ ಪ್ರತ್ಯೇಕ ಖಾತೆ ಇಲ್ಲದಿದ್ದರೂ ವರ್ಷಾಂತ್ಯದ ಲಾಭದಲ್ಲಿ ಅದು ಕಾಣಿಸುತ್ತದೆ.