ಬಾಟಲಿಯಲ್ಲಿ ಬಂದ ಸಾಕ್ಷಿ

ಕೆರೆಯಂಚಿನಲ್ಲಿ ಕೂತು 300 ಮಿಲಿಲೀಟರಿನ ಗಾಜಿನ ಬಾಟಲಿಗೆ ನೀರು ತುಂಬುತ್ತಾರೆ. ಒಂದೇ ಒಂದು ಗಾಳಿಗುಳ್ಳೆಯೂ ಒಳಗೆ ಉಳಿಯಬಾರದು. ಮ್ಯಾಂಗನೀಸ್ ಸಲ್ಫೇಟ್ ದ್ರಾವಣ, ಆಮೇಲೆ ಕ್ಷಾರ ಬೆರೆತ ಅಯೋಡೈಡ್ ದ್ರಾವಣ ಹಾಕಿ, ಬಿರಡೆ ಬಿಗಿದು, ಬಾಟಲಿಯನ್ನು ಕೆಲವು ಸಲ ತಲೆಕೆಳಗು ಮಾಡುತ್ತಾರೆ. ಕೆಳಗಿಳಿಯುವ ಗಷ್ಟು ಕಂದು ಬಣ್ಣಕ್ಕೆ ತಿರುಗಿದರೆ ನೀರಿನಲ್ಲಿ ಆಮ್ಲಜನಕವಿದೆ ಎಂದರ್ಥ. ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಮೀನು ಬದುಕಲಾರದು. ಹಂಗೇರಿಯ ರಸಾಯನ ವಿಜ್ಞಾನಿ ವಿಂಕ್ಲರ್ 1888ರಲ್ಲಿ ತೋರಿಸಿಕೊಟ್ಟ ಈ ವಿಧಾನವನ್ನು ರಾಜ್ಯ ಸರ್ಕಾರದ ಪರಿಸರ ವಿಜ್ಞಾನಿಗಳು ಇಂದಿಗೂ ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಲಿಯುತ್ತಾರೆ.

ಕಾಯಿಲೆ ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ಅದರ ಜಾಡನ್ನು ನೀರಿನಲ್ಲಿ, ಗಾಳಿಯಲ್ಲಿ, ಮಣ್ಣಿನಲ್ಲಿ ಹಿಡಿಯುವುದು ಇವರ ಕಾಯಕ. ಕರ್ನಾಟಕದಲ್ಲಿ ಈ ಕೆಲಸದ ದೊಡ್ಡ ಪಾಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. 1974ರ ಜಲ ಕಾಯ್ದೆಯ ಬೆನ್ನಿಗೇ, ಅದೇ ವರ್ಷ ಹುಟ್ಟಿದ ಮಂಡಳಿ ಇದು. 1981ರ ವಾಯು ಕಾಯ್ದೆ ಬಂದ ಮೇಲೆ ಗಾಳಿಯ ಹೊಣೆಯೂ ಇದರ ಹೆಗಲೇರಿತು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪರಿಸರ ಭವನದಿಂದ ನಡೆಯುವ ಈ ಸಂಸ್ಥೆಯಲ್ಲಿ ಕಾರ್ಖಾನೆಗಳ ತಪಾಸಣೆಗೆ ಹೋಗುವ ಪರಿಸರ ಅಧಿಕಾರಿಗಳಿದ್ದಾರೆ, ಪ್ರಯೋಗಾಲಯ ನಡೆಸುವ ವೈಜ್ಞಾನಿಕ ಅಧಿಕಾರಿಗಳಿದ್ದಾರೆ. ರಸಾಯನ ವಿಜ್ಞಾನ, ಸೂಕ್ಷ್ಮಜೀವಿ ವಿಜ್ಞಾನ, ಪರಿಸರ ವಿಜ್ಞಾನ ಓದಿದವರು ಇಲ್ಲಿ ಒಂದೇ ಮಾದರಿಯ ಸುತ್ತ ಕೆಲಸ ಮಾಡುತ್ತಾರೆ.

ಆ ಮಾದರಿಯನ್ನು ತರುವುದೇ ಒಂದು ವಿದ್ಯೆ. ಫ್ಲೋರೈಡ್ ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿಯೇ ಬೇಕು. ಫ್ಲೋರೈಡ್ ಗಾಜಿನೊಂದಿಗೆ ಪ್ರತಿಕ್ರಿಯಿಸಬಲ್ಲದು. ಸೀಸ, ಕ್ರೋಮಿಯಂಗಳಂಥ ಲೋಹಗಳನ್ನು ಅಳೆಯುವ ನೀರಿಗೆ ಸ್ಥಳದಲ್ಲೇ ನೈಟ್ರಿಕ್ ಆಮ್ಲ ಬೆರೆಸಬೇಕು, ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ಲೆಕ್ಕ ತಪ್ಪುತ್ತದೆ. ಬ್ಯಾಕ್ಟೀರಿಯಾ ಪರೀಕ್ಷೆಯ ನೀರು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಆದಷ್ಟು ಬೇಗ ಪ್ರಯೋಗಾಲಯ ಸೇರಬೇಕು. ದಾರಿಯಲ್ಲಿ ಜೀಪು ಕೆಟ್ಟು ನಿಂತರೆ ಆ ದಿನದ ಶ್ರಮವೆಲ್ಲ ವ್ಯರ್ಥ.

ಮುಂದಿನದು ಕಾಯುವ ಕೆಲಸ. ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬುದನ್ನು ಬಿಒಡಿ ಎಂಬ ಅಳತೆ ಹೇಳುತ್ತದೆ. ಹಲವು ದೇಶಗಳಲ್ಲಿ ಈ ಬಾಟಲಿಯನ್ನು 20 ಡಿಗ್ರಿಯಲ್ಲಿ 5 ದಿನ ಇಡುತ್ತಾರೆ. ನಮ್ಮ ನೀರು ಬೆಚ್ಚಗಿರುವುದರಿಂದ ಭಾರತದ ಪದ್ಧತಿ 27 ಡಿಗ್ರಿಯಲ್ಲಿ 3 ದಿನ. ಗುರುವಾರ ಇಟ್ಟ ಬಾಟಲಿಯನ್ನು ನೋಡಲು ಭಾನುವಾರ ಯಾರಾದರೂ ಬರಲೇಬೇಕು. ಜನ ಸ್ನಾನಕ್ಕಿಳಿಯುವ ನೀರಿನಲ್ಲಿ ಬಿಒಡಿ ಲೀಟರಿಗೆ 3 ಮಿಲಿಗ್ರಾಂ ದಾಟಬಾರದು.

ಈ ಅಂಕಿ ನ್ಯಾಯಾಲಯದಲ್ಲೂ ನಿಲ್ಲಬೇಕು. ಕಾರ್ಖಾನೆಯ ಕೊಳಚೆ ನೀರನ್ನು ಸಾಕ್ಷ್ಯವಾಗಿ ಸಂಗ್ರಹಿಸುವ ಕ್ರಮವನ್ನು ಜಲ ಕಾಯ್ದೆಯ 21ನೇ ಸೆಕ್ಷನ್ ವಿವರವಾಗಿ ಹೇಳುತ್ತದೆ: ಅಲ್ಲಿನ ಜವಾಬ್ದಾರರಿಗೆ ನೋಟಿಸ್ ಕೊಡಬೇಕು, ಅವರೆದುರೇ ಮಾದರಿಯನ್ನು ಎರಡು ಪಾಲು ಮಾಡಬೇಕು, ಎರಡಕ್ಕೂ ಮೊಹರು ಹಾಕಿ ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ವಿಶ್ಲೇಷಣೆ ಎಷ್ಟೇ ನಿಖರವಾಗಿರಲಿ, ಸಾಕ್ಷ್ಯವಾಗಿ ಸಲ್ಲುವುದಿಲ್ಲ. ಹಾಗಾಗಿ ಈ ವಿಜ್ಞಾನಿಗೆ ಪಿಪೆಟ್ ಹಿಡಿಯುವಷ್ಟೇ ಚೆನ್ನಾಗಿ ಪಂಚನಾಮೆ ಬರೆಯಲೂ ಬರಬೇಕು.

ಗಾಳಿಯ ಲೆಕ್ಕ ಇನ್ನೂ ಸೂಕ್ಷ್ಮ. ಪಿಎಂ 2.5 ಎಂಬ ನುಣ್ಣನೆಯ ದೂಳನ್ನು ಹಿಡಿಯುವ ಯಂತ್ರ ಗಂಟೆಗೆ ಒಂದು ಘನ ಮೀಟರ್ ಗಾಳಿಯನ್ನು ಎಳೆದು ಫಿಲ್ಟರಿನ ಮೂಲಕ ಹಾಯಿಸುತ್ತದೆ. ದಿನಕ್ಕೆ ಘನ ಮೀಟರಿಗೆ 60 ಮೈಕ್ರೋಗ್ರಾಂ ಎಂಬುದು 2009ರ ರಾಷ್ಟ್ರೀಯ ಮಿತಿ. ಲೆಕ್ಕ ಹಾಕಿದರೆ, 24 ಗಂಟೆಯಲ್ಲಿ ಫಿಲ್ಟರಿನ ಮೇಲೆ ಕೂರಬಹುದಾದ ದೂಳು ಬರೀ 1.44 ಮಿಲಿಗ್ರಾಂ! ಅದನ್ನು ತೂಗುವ ಕೋಣೆಯ ತೇವ, ತಾಪ ಎರಡೂ ಹದ ತಪ್ಪಬಾರದು. ಕೈಯಿಂದ ನಡೆಸುವ ಇಂಥ ಕೇಂದ್ರಗಳಲ್ಲಿ ವಾರಕ್ಕೆ ಎರಡರಂತೆ ವರ್ಷಕ್ಕೆ ಕನಿಷ್ಠ 104 ದಿನಗಳ ಅಳತೆ ಬೇಕೆಂಬುದು ನಿಯಮ.

ಹಬ್ಬಗಳಿಗೂ ಈ ಕೆಲಸಕ್ಕೂ ನಂಟಿದೆ. ಗಣೇಶನ ವಿಸರ್ಜನೆಯ ಮುಂಚೆ, ವಿಸರ್ಜನೆಯ ಹೊತ್ತಿನಲ್ಲಿ ಮತ್ತು ಆಮೇಲೆ, ಹೀಗೆ ಮೂರು ಸಲ ಕೆರೆಯ ನೀರನ್ನು ಪರೀಕ್ಷಿಸುವುದು ವಾಡಿಕೆ. ಬಣ್ಣದಿಂದ ಬರುವ ಲೋಹಗಳ ಮೇಲೆ, ಕರಗದೆ ಉಳಿಯುವ ಹುಡಿಯ ಮೇಲೆ ಕಣ್ಣಿಟ್ಟಿರುತ್ತಾರೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪನನ್ನು ಕೆರೆಗೆ ಬಿಡದಂತೆ ಕರ್ನಾಟಕ 2016ರಲ್ಲಿ ಜಲ ಕಾಯ್ದೆಯಡಿ ನಿರ್ಬಂಧ ತಂದಿತು.

ಅಳತೆ ಕೆಲವೊಮ್ಮೆ ನಮ್ಮತ್ತಲೇ ಬೆರಳು ತೋರಿಸುತ್ತದೆ. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದಾಗ ಜಗತ್ತೇ ಬೆಂಗಳೂರಿನತ್ತ ನೋಡಿತು. 2017ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತಲಿನ ಕೈಗಾರಿಕೆಗಳನ್ನು ಮುಚ್ಚಲು ಆದೇಶಿಸಿತು. ಆದರೆ ಆ ಕೆರೆಗೆ ಬೀಳುವ ಕೊಳಚೆಯ ಬಹುಪಾಲು ಮನೆಗಳದ್ದು. ಬಟ್ಟೆ, ಪಾತ್ರೆ ತೊಳೆದ ಸಾಬೂನಿನ ನೀರು ಕೆರೆಯ ಕೋಡಿಯಲ್ಲಿ ಧುಮ್ಮಿಕ್ಕುವಾಗ ಕಡೆದಂತಾಗಿ ನೊರೆ ಏಳುತ್ತದೆ. ಸಾಬೂನಿನ ಪುಡಿಯಲ್ಲಿರುವ ರಂಜಕ ಕಳೆಗಿಡಗಳಿಗೆ ಗೊಬ್ಬರವಾಗುತ್ತದೆ. ಕಾರ್ಖಾನೆ ಮುಚ್ಚಿದರೆ ಮಾತ್ರ ಸಾಲದು, ಒಳಚರಂಡಿಯ ನೀರು ಶುದ್ಧವಾಗಿ ಕೆರೆ ಸೇರಬೇಕು ಎಂದು ಹೇಳುವ ಬಲ ಬರುವುದು ಇಂಥ ಅಳತೆಯಿಂದಲೇ.

ಬೆಳ್ಳಂದೂರಿನ ನೊರೆಯಾದರೂ ಕಣ್ಣಿಗೆ ಬೀಳುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕೊಳವೆಬಾವಿಗಳಿಂದ ಬರುವ ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಬಂಡೆಯೊಳಗಿನ ಖನಿಜ ಆಳದ ನೀರಿನಲ್ಲಿ ನಿಧಾನಕ್ಕೆ ಕರಗಿ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರು ಕುಡಿದು ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಲೆ, ಗೆರೆ ಮೂಡುತ್ತವೆ. ಇನ್ನೂ ಹೆಚ್ಚಿನ ಫ್ಲೋರೈಡ್ ವರ್ಷಗಟ್ಟಲೆ ಒಳಹೋದರೆ ಬೆನ್ನು, ಮಂಡಿ ಬಿಗಿದುಕೊಳ್ಳುತ್ತವೆ. ಬಿಸಿಲ ಸೀಮೆಯಲ್ಲಿ ಜನ ಹೆಚ್ಚು ನೀರು ಕುಡಿಯುವುದರಿಂದ ಅಪಾಯವೂ ಹೆಚ್ಚು. ನೀರು ಕಾಯಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ನಡೆಯದು. ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ.

ಭಾರತದಲ್ಲಿ ಫ್ಲೋರೋಸಿಸ್ ಎಂಬ ಈ ಕಾಯಿಲೆಯನ್ನು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ 1937ರಲ್ಲೇ ಶಾರ್ಟ್ ಮತ್ತು ಸಂಗಡಿಗರು ವರದಿ ಮಾಡಿದ್ದರು. ನೀರಿನ ಅಂಕಿಯನ್ನೂ ಮೈಯ ನೋವನ್ನೂ ಒಟ್ಟಿಗೆ ನೋಡುವ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 2008–09ರಲ್ಲಿ. ಕರ್ನಾಟಕದ ಜಿಲ್ಲೆಗಳೂ ಸೇರಿರುವ ಈ ಕಾರ್ಯಕ್ರಮದಲ್ಲಿ ಶಾಲೆಯ ಮಕ್ಕಳ ಹಲ್ಲು ನೋಡುತ್ತಾರೆ, ಮೂತ್ರದಲ್ಲಿನ ಫ್ಲೋರೈಡ್ ಅಳೆಯುತ್ತಾರೆ, ಆ ಊರಿನ ನೀರನ್ನೂ ಪರೀಕ್ಷಿಸುತ್ತಾರೆ. ಪರಿಸರ ಆರೋಗ್ಯ ವಿಜ್ಞಾನ ಎಂಬುದರ ತಿರುಳು ಇದೇ.

ಉಳಿದೆಡೆ ಈ ಜೋಡಣೆ ಇನ್ನೂ ಸಡಿಲ. ನದಿ, ಕೆರೆಗಳ ಅಂಕಿ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ. ಹಳ್ಳಿಯ ಕುಡಿಯುವ ನೀರಿನ ಅಂಕಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯಲ್ಲಿ. ವಾಂತಿಭೇದಿ, ಕಾಮಾಲೆಯ ಲೆಕ್ಕ ಆರೋಗ್ಯ ಇಲಾಖೆಯಲ್ಲಿ. ಒಂದೇ ಊರಿನ ಈ ಮೂರು ಪುಟಗಳನ್ನು ಎದುರಿಗಿಟ್ಟು ಓದುವ ವಿಜ್ಞಾನಿ ಪ್ರತಿ ಜಿಲ್ಲೆಯಲ್ಲೂ ಇರಬೇಕು, ಅವರ ಮಾತಿಗೆ ಜಿಲ್ಲಾಡಳಿತ ಕಿವಿಗೊಡಬೇಕು.

ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡುವಂತೆ ಹೇಳಿದೆ. ಕಿಟ್‌ನಲ್ಲಿ ಅನುಮಾನ ಕಂಡ ನೀರನ್ನು ಪ್ರಯೋಗಾಲಯ ಮತ್ತೊಮ್ಮೆ ಅಳೆಯಬೇಕು. ಆ ಫಲಿತಾಂಶವನ್ನು ಯಾವ ಕೊಳವೆಬಾವಿಯದು, ಯಾವ ತಾರೀಖಿನದು ಎಂಬ ವಿವರದ ಸಮೇತ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ಮುಂದಿನ ಪರೀಕ್ಷೆ ಯಾವ ತಿಂಗಳು ಎಂಬುದೂ ಅಲ್ಲೇ ಇರಲಿ.