ಅಳತೆಗೆ ಕೊಯ್ದ ದೋಣಿ

ಚಾವಣಿಯ ಅಂಚಿನುದ್ದಕ್ಕೂ ಕೂತು, ಮಳೆನೀರನ್ನು ಹಿಡಿದು ಒಂದು ಮೂಲೆಗೆ ಸಾಗಿಸುವ ದೋಣಿ ಕಲಬುರಗಿ ಸೀಮೆಯ ಮನೆಗಳಿಗೆ ತಡವಾಗಿ ಬಂದದ್ದು. ಹಳೆಯ ಮನೆಗಳಿಗೆ ಅದು ಬೇಕೇ ಇರಲಿಲ್ಲ. ಕಲ್ಲಿನ ಗೋಡೆ, ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಚಕ್ಕೆ ಮತ್ತು ಸೊಪ್ಪು, ಎಲ್ಲಕ್ಕೂ ಮೇಲೆ ದಪ್ಪನೆಯ ಮಣ್ಣು: ಇದು ಮಾಳಿಗೆ ಮನೆಯ ಕ್ರಮ. ಈ ಮೇಲುಮುದ್ದೆಗೆ ಕಂಡ ಮಣ್ಣೆಲ್ಲ ಆಗದು. ನೀರು ಇಂಗದ ಕರಲು ಮಣ್ಣನ್ನೋ ಹಾಳುಮಣ್ಣನ್ನೋ ಹುಡುಕಿ ತಂದು, ಮುಂಗಾರಿಗೆ ಮೊದಲು ಹೊಸ ಪದರ ಹಾಕಿ ಬಡಿಯಬೇಕು. ಮಾಳಿಗೆ ಸಮತಟ್ಟಾಗಿ ಕಂಡರೂ ಒಂದು ಕಡೆಗೆ ತುಸು ವಾಲಿರುತ್ತದೆ. ನೀರು ಆ ಕಡೆ ಸೇರಿ, ಗೋಡೆಯಿಂದ ಹೊರಚಾಚಿದ ಒಂದೋ ಎರಡೋ ಹರನಾಳಿಗೆಗಳಿಂದ ಬೀದಿಗೆ ಬೀಳುತ್ತದೆ.

ಹರನಾಳಿಗೆಯನ್ನು ಕಲ್ಲಿನಲ್ಲಿ ಕೊರೆಯುತ್ತಿದ್ದರು, ಇಲ್ಲವೇ ಮರದ ತುಂಡನ್ನು ಉದ್ದಕ್ಕೆ ತೋಡಿ ಮಾಡುತ್ತಿದ್ದರು. ಅಲ್ಲಿ ನೋಡಬೇಕಾದ ಅಳತೆ ಒಂದೇ: ನೀರು ಗೋಡೆಯ ಬುಡಕ್ಕೆ ಬೀಳದಷ್ಟು ದೂರ ಅದರ ಬಾಯಿ ಚಾಚಿರಬೇಕು. ಮರದ್ದು ಕೊಳೆತರೆ ಎಣ್ಣೆ ಡಬ್ಬಿಯ ತಗಡು ಬಿಚ್ಚಿ, ಬಗ್ಗಿಸಿ, ಅದೇ ಕಂಡಿಗೆ ತುರುಕುವುದೂ ಇತ್ತು. ಬಾಯಿ ಪಕ್ಕದವರ ಅಂಗಳದ ಕಡೆ ತಿರುಗಿದರೆ ಮಾತ್ರ ಜಗಳ ತಪ್ಪಿದ್ದಲ್ಲ.

ದೊಡ್ಡ ಕಟ್ಟಡಗಳ ಕಥೆ ಬೇರೆ. ಕಲಬುರಗಿ ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಗೆ ಬಯಲು ಅಂಗಳವೇ ಇಲ್ಲ. ಇಡೀ ನೆಲವನ್ನು ಗುಮ್ಮಟಗಳೂ ಕಮಾನು ಚಾವಣಿಯೂ ಮುಚ್ಚಿವೆ. ಗುಮ್ಮಟ ಗುಮ್ಮಟಗಳ ನಡುವಿನ ತಗ್ಗಿಗೆ ಇಳಿದ ನೀರನ್ನು ಚಾವಣಿಯ ಮೇಲಿಂದಲೇ ಅಂಚಿಗೆ ಸಾಗಿಸಬೇಕಾದ ಕಟ್ಟಡ ಅದು. ಅಂಥ ಲೆಕ್ಕಾಚಾರ ಸಾಮಾನ್ಯರ ಮನೆಗೆ ಬೇಕಾದದ್ದು ಬಹಳ ಕಾಲದ ಮೇಲೆ, ಚಾವಣಿ ಇಳಿಜಾರಾದಾಗ.

ಇಳಿಜಾರು ಬಂದದ್ದು ತಗಡಿನ ಜೊತೆ. ಅಲೆಅಲೆಯಾಗಿ ಬಗ್ಗಿಸಿದ ಕಬ್ಬಿಣದ ತಗಡಿಗೆ ಲಂಡನ್ನಿನ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಪೇಟೆಂಟ್ ಪಡೆದ. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದ. ತುಕ್ಕಿಗೆ ಬೇಗ ಬಗ್ಗದ ಹಗುರ ಚಾವಣಿ ಹುಟ್ಟಿದ್ದು ಈ ಎರಡೂ ಕೂಡಿದಾಗ. ಮುಂಬೈ ಕಡೆಯ ರೈಲು ದಾರಿ 1871ರಲ್ಲಿ ರಾಯಚೂರು ಮುಟ್ಟಿತು. ಕಲಬುರಗಿ, ಶಹಾಬಾದ್, ವಾಡಿ ಮೂರೂ ಅದರ ಮೇಲಿವೆ. ಶಹಾಬಾದಿನ ಹಾಸುಗಲ್ಲು ಹೊರ ಊರಿಗೆ ಹೋಗಲಿಕ್ಕೂ ಹೊರಗಿನ ಕಬ್ಬಿಣ ಇಲ್ಲಿಗೆ ಬರಲಿಕ್ಕೂ ಅದರಿಂದ ಅನುಕೂಲವಾಯಿತು. ಈಗ ಕಾಂಕ್ರೀಟ್ ಮನೆ ಕಟ್ಟಿದವರೂ ಮಹಡಿಯ ಮೇಲೊಂದು, ಅಂಗಳಕ್ಕೊಂದು ಪತ್ರಾಸ್, ಅಂದರೆ ತಗಡಿನ ಚಾವಣಿ, ಇಳಿಸದೆ ಬಿಡುವುದಿಲ್ಲ.

ಮಾಳಿಗೆಯ ನೀರು ಒಂದೇ ಬಾಯಿಂದ ಬಿದ್ದರೆ ಪತ್ರಾಸಿನದು ಅಂಚಿನುದ್ದಕ್ಕೂ ಸುರಿಯುತ್ತದೆ. ಸುರಿದಲ್ಲೆಲ್ಲ ನೆಲ ಗೆರೆ ಎಳೆದಂತೆ ಕೊರೆದು, ಕೆಸರು ಗೋಡೆಗೆ ಸಿಡಿಯುತ್ತದೆ. ಕಲಬುರಗಿಯ ಎರೆಭೂಮಿಯಲ್ಲಿ ತೊಂದರೆ ಇಷ್ಟಕ್ಕೇ ನಿಲ್ಲುವುದಿಲ್ಲ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಪಾಯದ ಒಂದು ಮಗ್ಗುಲಷ್ಟೇ ವರ್ಷವರ್ಷವೂ ನೆನೆದು ಒಣಗಿದರೆ ಗೋಡೆಯಲ್ಲಿ ಓರೆ ಬಿರುಕು ಕಾಣಿಸಿಕೊಳ್ಳುತ್ತದೆ. ಅಂಚಿಗೆ ದೋಣಿ ಕಟ್ಟುವುದು ಅಲಂಕಾರದ ಮಾತಲ್ಲ, ಪಾಯದ ಮಾತು.

ಮೊದಮೊದಲಿನ ದೋಣಿಗಳನ್ನು ತಗಡಿನ ಕೆಲಸದವರು ಮನೆ ನೋಡಿ, ಅಳತೆ ತೆಗೆದು, ಅಂಗಡಿಯಲ್ಲೇ ಬಗ್ಗಿಸಿ ಬೆಸೆದು ಕೊಡುತ್ತಿದ್ದರು. ಪ್ಲಾಸ್ಟಿಕ್ ದೋಣಿ ಬಂದು ಈ ಕ್ರಮ ತಲೆಕೆಳಗಾಯಿತು. ಪಿವಿಸಿ ದೋಣಿ ಕಾರ್ಖಾನೆಯಿಂದ ಸಿದ್ಧ ಉದ್ದದಲ್ಲಿ, ಹೆಚ್ಚಾಗಿ 3 ಮೀಟರಿನ ತುಂಡುಗಳಾಗಿ ಬರುತ್ತದೆ. ಮುಚ್ಚಳ, ಮೂಲೆ, ಜೋಡಣೆಯ ತುಂಡು, ನೀರು ಇಳಿಯುವ ಬಾಯಿ ಎಲ್ಲ ಬಿಡಿಬಿಡಿ. ಹೀಗಾಗಿ ಅಳೆದು ಕೊಯ್ಯುವ ಕೆಲಸ ಮನೆಯವರ ಪಾಲಿಗೆ ಬಂತು. ಕಲಬುರಗಿಯಲ್ಲಿ ಕೊಂಡು ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದ ಕಮಲಾಪುರಕ್ಕೆ ಒಯ್ಯುವವರಿಗೆ ಹತ್ತಡಿ ಉದ್ದದ ಸರಕು ಬಸ್ಸಿಗೆ ಹಿಡಿಸದು. ಸಾಗಿಸಲು ಸುಲಭವಾಗಲೆಂದು ಅಂಗಡಿಯಲ್ಲೇ ಎರಡು ಮಾಡಿಸಿಕೊಂಡು ಬಂದರೆ ಪ್ರತಿ ಕೂಡಿಗೆಗೂ ಒಂದು ಸೋರುವ ಜಾಗ ಹೆಚ್ಚುತ್ತದೆ. ಟಂಟಂ ಬಾಡಿಗೆ ಕೊಟ್ಟಾದರೂ ಪೂರ್ತಿ ಉದ್ದ ತರುವುದೇ ಮೇಲು.

ಕೊಯ್ಯುವ ಮೊದಲು ನೀರು ಇಳಿಯುವ ಬಾಯಿಯ ಜಾಗ ಗೊತ್ತುಮಾಡಬೇಕು. ಅಳತೆ ಶುರುವಾಗುವುದು ಅಲ್ಲಿಂದ, ಮುಚ್ಚಳದ ತುದಿಯಿಂದಲ್ಲ. ಪತ್ರಾಸಿನ ಎರಡೂ ತುದಿ ಮೀರಿ ದೋಣಿ ಒಂದೆರಡು ಅಂಗುಲ ಹೊರಗಿರಬೇಕು, ಇಲ್ಲದಿದ್ದರೆ ಕೊನೆಯ ಅಲೆಯ ನೀರು ಹೊರಗೇ ಹೋಗುತ್ತದೆ. ಅರ್ಧವೃತ್ತಾಕಾರದ ದೋಣಿಗೆ ನೇರ ಗೆರೆ ಎಳೆಯುವುದು ಕಂಡಷ್ಟು ಸುಲಭವಲ್ಲ, ಲಂಬಕೋನ ನೋಡುವ ಗುಣಿಯಾ ಅಲ್ಲಿ ಕೂರುವುದಿಲ್ಲ. ಇದಕ್ಕೆ ಹಳೆಯ ಪೇಪರಿನ ಒಂದು ಹಾಳೆ ಸಾಕು. ಅದನ್ನು ದೋಣಿಯ ಬೆನ್ನಿಗೆ ಸುತ್ತಿ, ಎರಡೂ ಬದಿಯ ಅಂಚಿನಲ್ಲಿ ಹಾಳೆ ಸಮವಾಗಿ ಕೂತಿದೆಯೇ ನೋಡಿ, ಅದರ ತುದಿಗುಂಟ ಪೆನ್ಸಿಲ್ ಎಳೆದರೆ ಗೆರೆ ಸೊಟ್ಟಗಾಗುವುದಿಲ್ಲ.

ಕೊಯ್ಯಲು ಹ್ಯಾಕ್ಸಾ ಸಾಕು. ಬಡಗಿಯ ಗರಗಸದ ದೊಡ್ಡ ಹಲ್ಲು ತೆಳು ಪಿವಿಸಿಯಲ್ಲಿ ಚಕ್ಕೆ ಎಬ್ಬಿಸುತ್ತದೆ. ಅಂಗುಲಕ್ಕೆ 24 ಹಲ್ಲಿನ ಬ್ಲೇಡು ಆದೀತು. ಬ್ಲೇಡಿನ ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು, ಒತ್ತು ಬೀಳಬೇಕಾದದ್ದು ತಳ್ಳುವಾಗ. ದೋಣಿಯನ್ನು ಬೋರಲು ಹಾಕಿ, ಒಳಗೆ ಒಂದು ಕಟ್ಟಿಗೆ ತುಂಡು ಕೊಟ್ಟರೆ ಬಳುಕುವುದಿಲ್ಲ. ಕೊಯ್ದ ಬಾಯಿಯ ಸಿವುರನ್ನು ಅರದಿಂದ ತೀಡಲೇಬೇಕು. ಉಳಿದ ಸಿವುರು ಜೋಡಣೆಯ ರಬ್ಬರನ್ನು ಹರಿಯುತ್ತದೆ, ಬೇವಿನೆಲೆಯನ್ನು ಹಿಡಿದು ನಿಲ್ಲಿಸುತ್ತದೆ. ತಗಡಿನ ದೋಣಿಯಾದರೆ ಇನ್ನೊಂದು ಕೆಲಸ ಉಂಟು: ಕೊಯ್ದಲ್ಲಿ ಸತುವಿನ ಲೇಪ ಹೋಗಿ ಕಬ್ಬಿಣ ಬಯಲಾಗುವುದರಿಂದ ಆ ಅಂಚಿಗೆ ಸತುವಿನ ಬಣ್ಣ ಬಳಿಯಬೇಕು. ಗ್ರೈಂಡರ್ ಹಿಡಿದು ಬೇಗ ಮುಗಿಸುವವರಿದ್ದಾರೆ. ಅದರ ಕಾವಿಗೆ ಅಕ್ಕಪಕ್ಕದ ಲೇಪವೂ ಸುಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಡೆಗಣನೆಗೆ ಒಳಗಾಗುವುದು ಬಿಸಿಲು. ಪಿವಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಮೀಟರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ, ಕಬ್ಬಿಣ ಹಿಗ್ಗುವುದು ಸುಮಾರು 0.012 ಮಿ.ಮೀ. ಮಾತ್ರ. ಕಲಬುರಗಿಯ ಚಳಿಗಾಲದ ನಸುಕಿಗೂ ಮೇ ತಿಂಗಳ ನಡುಮಧ್ಯಾಹ್ನಕ್ಕೂ ಬಿಸಿಲಲ್ಲಿರುವ ದೋಣಿಯ ಕಾವಿನಲ್ಲಿ 40 ಡಿಗ್ರಿ ವ್ಯತ್ಯಾಸ ಬಂದರೆ 3 ಮೀಟರಿನ ತುಂಡು 8 ಮಿ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಕೊಯ್ದು ಬಿಗಿಯಾಗಿ ಕೂಡಿಸಿದ ದೋಣಿ ಏಪ್ರಿಲಿನಲ್ಲಿ ಬೆನ್ನು ಎತ್ತುತ್ತದೆ. ಮೇ ಮಧ್ಯಾಹ್ನ ಹಿಗ್ಗಿದ್ದಾಗ ಕೊಯ್ದದ್ದು ಮಳೆ ತಣ್ಣಗೆ ಬಿದ್ದ ಹೊತ್ತಿಗೆ ಕುಗ್ಗಿ ಕೂಡಿಗೆಯಿಂದ ಜಾರುತ್ತದೆ. ಜೋಡಣೆಯ ತುಂಡಿನೊಳಗೆ ಗುರುತು ಇರುವುದು ಇದಕ್ಕೇ. ದೋಣಿಯ ತುದಿ ಅಲ್ಲಿಗೆ ನಿಲ್ಲಬೇಕು, ಅದರಾಚೆಯ ಬಿಡುವು ಬಿಸಿಲಿನ ಪಾಲು.

ಇಳಿಜಾರು ಮೀಟರಿಗೆ 5 ಮಿ.ಮೀ. ಇದ್ದರೆ ನೀರು ತಾನಾಗಿ ಹರಿಯುತ್ತದೆ. ಎರಡು ತುದಿಗೆ ಮೊಳೆ ಹೊಡೆದು ದಾರ ಕಟ್ಟಿ, ದಾರದಗುಂಟ ಎರಡಡಿಗೊಂದು ಹಿಡಿಕೆ ಕೂರಿಸಬೇಕು. ಹಿಡಿಕೆ ದೂರವಾದರೆ ನೀರು ತುಂಬಿದ ದೋಣಿ ನಡುವೆ ಜೋಲು ಬಿದ್ದು, ಇಳಿಜಾರು ಇದ್ದೂ ಇಲ್ಲದಂತಾಗುತ್ತದೆ.

ಹೀಗೆ ಹಿಡಿದ ನೀರೂ ಕಡಿಮೆಯಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಹತ್ತಡಿಗೆ ಇಪ್ಪತ್ತಡಿಯ ಪತ್ರಾಸಿನ ಮೇಲೆ 25 ಮಿ.ಮೀ. ಬಿದ್ದರೆ ಸುಮಾರು 460 ಲೀಟರ್, 200 ಲೀಟರಿನ ಎರಡು ಡ್ರಮ್ ತುಂಬಿ ಮಿಗುತ್ತದೆ. ಕೆಲಸವನ್ನು ಮಿರಗದ (ಮೃಗಶಿರ) ಮಳೆಗೆ ಮೊದಲೇ ಮುಗಿಸಿ, ದೂರದ ತುದಿಯಲ್ಲಿ ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹನಿಯುತ್ತದೆ ಎಂದು ನೋಡಿಕೊಳ್ಳಬೇಕು. ಕಲಬುರಗಿಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಆಗಸ್ಟ್ ಮುಗಿಯುವುದರೊಳಗೆ ಇನ್ನೊಮ್ಮೆ ಏಣಿ ಹತ್ತಿ ದೋಣಿಯ ಕಸ ತೆಗೆಯುವುದನ್ನು ಮರೆಯಬಾರದು.