ಮಬ್ಬು ಹೆಡ್‌ಲೈಟಿಗೆ ಹೊಳಪಷ್ಟೇ ಸಾಲದು

ಹಳದಿಗಟ್ಟಿ ಮಬ್ಬಾದ ಹೆಡ್‌ಲೈಟಿನ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ನೀರು ಹರಿಯುವಷ್ಟು ಹೊತ್ತು ಒಳಗಿನ ಬಲ್ಬು ಚೆನ್ನಾಗಿ ಕಾಣುತ್ತದೆ. ಆರಿದ ಕೂಡಲೇ ಮತ್ತೆ ಮಬ್ಬು. ಮೇಲ್ಮೈ ತುಂಬ ಬರಿಗಣ್ಣಿಗೆ ಕಾಣದ ಬಿರುಕು, ಗೀರುಗಳಿದ್ದು, ಬೆಳಕು ಅಲ್ಲಿ ದಿಕ್ಕು ತಪ್ಪಿ ಚದುರುತ್ತದೆ. ಹೆಡ್‌ಲೈಟಿನ ಪ್ಲಾಸ್ಟಿಕ್ ಬೆಳಕನ್ನು ಬಾಗಿಸುವ ಅಳತೆ, ಅಂದರೆ ವಕ್ರೀಭವನಾಂಕ, ಸುಮಾರು 1.58, ಗಾಳಿಯದು 1, ನೀರಿನದು 1.33. ಬಿರುಕಿನಲ್ಲಿ ಗಾಳಿಯ ಬದಲು ನೀರು ತುಂಬಿದಾಗ ಅಂತರ ತಗ್ಗುತ್ತದೆ, ಚದುರುವಿಕೆಯೂ ತಗ್ಗುತ್ತದೆ. ಎಣ್ಣೆ ಸವರಿದರೆ ಬರುವ ತಾತ್ಕಾಲಿಕ ಹೊಳಪಿನ ಗುಟ್ಟೂ ಇಷ್ಟೇ. ನೀರು ಸುರಿದರೂ ಮಬ್ಬು ಕರಗದಿದ್ದರೆ ತೊಂದರೆ ಒಳಗಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಹೊರಗೆ ಎಷ್ಟು ಉಜ್ಜಿದರೂ ಫಲವಿಲ್ಲ.

ಅಂಬಾಸಿಡರ್ ಕಾರಿನ ದುಂಡು ಗಾಜಿನ ದೀಪಕ್ಕೆ ಈ ಕಾಯಿಲೆ ಇರಲಿಲ್ಲ. ಇಂದಿನ ಹೆಡ್‌ಲೈಟುಗಳದು ಪಾಲಿಕಾರ್ಬೊನೇಟ್. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಬೇರೆಬೇರೆಯಾಗಿಯೇ ಇದನ್ನು ತಯಾರಿಸಿದರು. ತೂಕ ಗಾಜಿನ ಅರ್ಧದಷ್ಟೂ ಇಲ್ಲ, ಕಲ್ಲು ಸಿಡಿದರೆ ಸುಲಭಕ್ಕೆ ಒಡೆಯದು, ಬೇಕಾದ ಆಕಾರಕ್ಕೆ ಅಚ್ಚು ಹೊಯ್ಯಬಹುದು. ಅಮೆರಿಕದಲ್ಲಿ ಹೆಡ್‌ಲೈಟುಗಳ ನಿಯಮ ಸಡಿಲವಾದ ಮೇಲೆ, 1984ರ ಮಾದರಿಯ ಲಿಂಕನ್ ಮಾರ್ಕ್ 7 ಕಾರು ಪ್ಲಾಸ್ಟಿಕ್ ಹೆಡ್‌ಲೈಟ್ ಹೊತ್ತು ರಸ್ತೆಗಿಳಿಯಿತು.

ಈ ಪ್ಲಾಸ್ಟಿಕ್ಕಿಗೆ ಬಿಸಿಲು ಆಗಿಬರದು. ಬಿಸಿಲಿನ ಅತಿನೇರಳೆ ಕಿರಣ ಅದರ ಅಣುಸರಪಳಿಯನ್ನು ಅಲ್ಲಲ್ಲಿ ಕತ್ತರಿಸುತ್ತದೆ. ತುಂಡಾದ ಭಾಗಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಹೊಸ ಸಂಯುಕ್ತಗಳಾಗುತ್ತವೆ. ಇವು ನೀಲಿ ಬೆಳಕನ್ನು ಹೀರುವುದರಿಂದ ನಮಗೆ ಕಾಣುವುದು ಹಳದಿ. ಅದಕ್ಕಾಗಿಯೇ ಕಾರ್ಖಾನೆಯಲ್ಲಿ ದೀಪದ ಹೊರಮೈಗೆ ಒಂದು ಗಟ್ಟಿ ಪಾರದರ್ಶಕ ಲೇಪ ಕೊಡುತ್ತಾರೆ. ಅದರ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಅತಿನೇರಳೆ ಕಿರಣವನ್ನು ತಡೆಯುವುದೂ ಗೀರು ಬೀಳದಂತೆ ಕಾಯುವುದೂ ಅದರ ಕೆಲಸ. ವರ್ಷಗಟ್ಟಲೆ ಬಿಸಿಲು, ಮಳೆ, ಮರಳಿನ ಕಣಗಳಿಗೆ ಮೈಯೊಡ್ಡಿದ ಲೇಪ ಬಿರುಕುಬಿಟ್ಟು, ಕೊನೆಗೆ ಈರುಳ್ಳಿ ಸಿಪ್ಪೆಯಂತೆ ಏಳುತ್ತದೆ.

ಇದು ಬರೀ ಅಂದದ ಪ್ರಶ್ನೆಯಲ್ಲ. ಅಮೆರಿಕದ ವಾಹನ ಸಂಘ ಎಎಎ 2018ರಲ್ಲಿ ಪರೀಕ್ಷಿಸಿದಾಗ, ಕೆಟ್ಟ ಹೆಡ್‌ಲೈಟುಗಳು ಲೋ ಬೀಮಿನಲ್ಲಿ ಹೊಸದರ ಶೇ. 22ರಷ್ಟು ಬೆಳಕನ್ನಷ್ಟೇ ಕೊಟ್ಟವು. ಸರಿಪಡಿಸಿದ ಮೇಲೆ ಅದು ಸುಮಾರು ಶೇ. 70ಕ್ಕೆ ಏರಿತು. ರಸ್ತೆಗೆ ಬೀಳದ ಬೆಳಕಿನಲ್ಲಿ ಒಂದಷ್ಟು ಮೇಲಕ್ಕೆ ಚದುರಿ ಎದುರಿನಿಂದ ಬರುವವರ ಕಣ್ಣು ಕುಕ್ಕುತ್ತದೆ. ಅಂದರೆ ನಮಗೂ ಕಾಣದು, ಅವರಿಗೂ ಕಾಣದು.

ಟೂತ್‌ಪೇಸ್ಟಿನಿಂದ ಉಜ್ಜುವ ಉಪಾಯ ಎಲ್ಲರೂ ಕೇಳಿರುವಂಥದ್ದೇ. ಅದರಲ್ಲಿರುವ ಸಿಲಿಕಾದಂಥ ಸೂಕ್ಷ್ಮ ಕಣಗಳು ಮೇಲಿನ ಕೊಳೆ, ಹಳದಿಯನ್ನು ಒಂದಿಷ್ಟು ಕೆರೆದು ತೆಗೆಯುವುದು ನಿಜ. ಆದರೆ ಆಳದ ಬಿರುಕು ಉಳಿಯುತ್ತದೆ, ಇದ್ದಬದ್ದ ಲೇಪವೂ ಸವೆಯುತ್ತದೆ.

ಸರಿಯಾದ ಕ್ರಮಕ್ಕೆ ತಾಳ್ಮೆ ಬೇಕು. ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, ದೀಪಕ್ಕೆ ನೀರು ಚಿಮುಕಿಸುತ್ತಾ 800 ನಂಬರಿನ ವಾಟರ್ ಪೇಪರಿನಿಂದ ಉಜ್ಜಬೇಕು. ಮೊದಲು ಇಳಿಯುವ ನೀರು ಹಳದಿ ಕೆಸರಿನಂತಿರುತ್ತದೆ. ಹಳೆಯ ಲೇಪವೆಲ್ಲ ಕಿತ್ತುಬಂದ ಮೇಲೆ ಹಾಲಿನಂತೆ ಬೆಳ್ಳಗಾಗುತ್ತದೆ. ಆಗ 1500, 2000, 3000 ಎಂದು ನುಣುಪು ಹೆಚ್ಚಿಸುತ್ತಾ ಹೋಗಬೇಕು. ಪ್ರತಿ ಹಂತವೂ ಹಿಂದಿನದರ ಗೀರನ್ನು ಅಳಿಸಬೇಕು. ನಡುವೆ ಒಂದನ್ನು ಹಾರಿಸಿದರೆ ಆ ಗೀರು ರಾತ್ರಿಯ ಬೆಳಕಿನಲ್ಲಿ ಕಾಣಿಸುತ್ತದೆ. ಕೊನೆಗೆ ಪಾಲಿಶ್. ಥಿನ್ನರ್, ಪೆಟ್ರೋಲ್‌ಗಳನ್ನು ಮಾತ್ರ ಹತ್ತಿರ ತರಬೇಡಿ. ಪಾಲಿಕಾರ್ಬೊನೇಟ್ ಅವುಗಳಿಂದ ಬಿರುಕುಬಿಡುತ್ತದೆ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ದೀಪ ಹೊಳೆಯುತ್ತದೆ ನಿಜ, ಆದರೆ ಈಗ ಅದಕ್ಕೆ ಹೊದಿಕೆಯೇ ಇಲ್ಲ. ಬರಿಮೈ ಪ್ಲಾಸ್ಟಿಕ್ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಬೇಗ ಹಳದಿಯಾಗುತ್ತದೆ. ಅತಿನೇರಳೆ ತಡೆಯುವ ಕ್ಲಿಯರ್ ಕೋಟ್ ಬಳಿದರಷ್ಟೇ ಕೆಲಸ ಮುಗಿದಂತೆ. ಹಾರ್ಡನರ್ ಬೆರೆಸುವ ಬಗೆ ಹೆಚ್ಚು ಬಾಳಿಕೆ ಬರುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಶ್ವಾಸಕೋಶಕ್ಕೆ ಕೆಡುಕಾದ ಐಸೊಸಯನೇಟ್ ಇರುವುದರಿಂದ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ತಕ್ಕ ಮಾಸ್ಕ್ ಬೇಕು. ಗ್ಯಾರೇಜಿನಲ್ಲಿ ಮಾಡಿಸುವವರು ರೇಟು ಕೇಳುವ ಮುನ್ನ ಒಂದು ಮಾತು ಕೇಳಲಿ: ಉಜ್ಜಿದ ಮೇಲೆ ಏನು ಬಳಿಯುತ್ತೀರಿ?